ಹಿಂದಿನ ಸೀಟಿನ ಅಡಿಯ ಗುಂಯ್

ಕೀ ಆನ್ ಮಾಡಿ, ಸೆಲ್ಫ್ ಹೊಡೆಯದೆ ಒಂದು ಗಳಿಗೆ ಸುಮ್ಮನಿರಿ. ಹಿಂದಿನ ಸೀಟಿನ ಅಡಿಯಿಂದ ಎರಡು ಸೆಕೆಂಡು ‘ಗುಂಯ್’ ಎಂದು ಸದ್ದು ಬಂದು ನಿಲ್ಲಬೇಕು. ಅದು ಪೆಟ್ರೋಲ್ ಟ್ಯಾಂಕಿನೊಳಗೆ ಮುಳುಗಿ ಕೂತಿರುವ ಪಂಪು ಪೈಪಿನಲ್ಲಿ ಒತ್ತಡ ತುಂಬುವ ಸದ್ದು. ಸುಮಾರು 3 ಬಾರ್, ಅಂದರೆ ನಿಮ್ಮ ಟಯರಿನಲ್ಲಿರುವ ಗಾಳಿಗಿಂತ ಹೆಚ್ಚು. ಅದು ಕೇಳದಿದ್ದರೆ ಎಂಜಿನ್ ಎಷ್ಟು ತಿರುಗಿದರೂ ಹೊತ್ತಿಕೊಳ್ಳುವುದಿಲ್ಲ.

ಸದ್ದಿಲ್ಲ ಎಂದ ಕೂಡಲೇ ‘ಪಂಪ್ ಹೋಗಿದೆ ಸಾರ್’ ಎನ್ನುವವರು ಎಲ್ಲ ಊರಿನಲ್ಲೂ ಇದ್ದಾರೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ನಾನು ನೆಚ್ಚಿಕೊಂಡಿರುವ ಹಿರಿಯ ಮೆಕ್ಯಾನಿಕ್ ಮಾತ್ರ ಮೊದಲು ಕೈ ಹಾಕುವುದು ಫ್ಯೂಸಿಗೆ, ಆಮೇಲೆ ರಿಲೇಗೆ, ಆಮೇಲೆ ಅರ್ಥಿಂಗ್ ತಂತಿಗೆ. ಕೊನೆಗೆ ಪಂಪಿನ ಕನೆಕ್ಟರಿಗೆ ಮೀಟರ್ ಹಿಡಿಯುತ್ತಾರೆ. ಅಲ್ಲಿಗೆ ಹನ್ನೆರಡು ವೋಲ್ಟ್ ಬರುತ್ತಿದ್ದು, ಅರ್ಥಿಂಗೂ ಸರಿಯಿದ್ದು, ಪಂಪು ಮಿಸುಕದಿದ್ದರೆ ಮಾತ್ರ ಅಪರಾಧಿ ಸಿಕ್ಕ ಹಾಗೆ. ಸದ್ದಿದೆ, ಆದರೆ ಗಾಡಿ ಎಳೆಯುತ್ತಿಲ್ಲ ಎಂದಾದರೆ ಪ್ರೆಶರ್ ಗೇಜ್ ಕಟ್ಟಿ ನೋಡದೆ ಮಾತೇ ಇಲ್ಲ. ಪಂಪು ಬಿಚ್ಚಿ ಹಾಕುವುದು ಅರ್ಧ ದಿನದ ಕೆಲಸ. ಬಿಚ್ಚಲೇಬೇಕೇ ಎಂದು ತೀರ್ಮಾನಿಸುವುದಕ್ಕೆ ಬೇಕಾದ ತಾಳ್ಮೆಯೇ ಕಾರನ್ನು ನಾವೇ ರಿಪೇರಿ ಮಾಡಿಕೊಳ್ಳುವ ಹವ್ಯಾಸದ ರುಚಿ ಎಂದು ನನ್ನ ಅಭಿಪ್ರಾಯ.

ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಕಾರ್ಬುರೇಟರ್ ಕಾಲದ ಮಾರುತಿ 800 ಇವುಗಳ ಪಂಪಿಗೆ ಕರೆಂಟೇ ಬೇಕಿರಲಿಲ್ಲ. ಹಳಬರು ಎ.ಸಿ. ಪಂಪು ಎನ್ನುತ್ತಿದ್ದದ್ದು ಇದನ್ನೇ, ತಂಪು ಗಾಳಿಗೂ ಅದಕ್ಕೂ ಸಂಬಂಧವಿಲ್ಲ. ಎಂಜಿನ್ನಿನ ಮೈಗೇ ಅಂಟಿಕೊಂಡು ಕೂತಿರುತ್ತಿತ್ತು. ಕ್ಯಾಮ್‌ಶಾಫ್ಟಿನ ಉಬ್ಬು ಲಿವರನ್ನು ಒತ್ತುತ್ತದೆ, ಲಿವರ್ ಡಯಾಫ್ರಾಮನ್ನು ಎಳೆಯುತ್ತದೆ, ಸ್ಪ್ರಿಂಗ್ ಅದನ್ನು ವಾಪಸ್ಸು ದೂಡುತ್ತದೆ. ಒಳಕ್ಕೊಂದು ವಾಲ್ವು, ಹೊರಕ್ಕೊಂದು. ಒತ್ತಡ ಕಾಲು ಬಾರಿನ ಆಸುಪಾಸು, ಕಾರ್ಬುರೇಟರಿಗೆ ಅಷ್ಟು ಸಾಕು. ಡಯಾಫ್ರಾಂ ಹರಿದರೆ ಪೆಟ್ರೋಲು ಸೋರಿ ಎಂಜಿನ್ ಆಯಿಲಿಗೇ ಸೇರಬಹುದು. ಹಾಗಾಗಿ ಬಲ್ಲವರು ಆಯಿಲ್ ಕಡ್ಡಿಯನ್ನು ಎಳೆದು ಮಟ್ಟ ನೋಡುವ ಮೊದಲು ಮೂಗಿಗೆ ಹಿಡಿಯುತ್ತಿದ್ದರು.

ಈ ಪಂಪನ್ನು ಮನೆಯಲ್ಲೇ ಬಿಚ್ಚಿ ಕಟ್ಟುವುದಕ್ಕೆ ಭದ್ರಾವತಿಯಂಥ ಊರು ಇನ್ನೊಂದಿಲ್ಲ. 1918ರಲ್ಲಿ ಹುಟ್ಟಿ 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಕಾರ್ಖಾನೆ, ಆಮೇಲೆ ಬಂದ ಪೇಪರ್ ಮಿಲ್ಲು, ಎರಡೂ ಸೇರಿ ಊರಿಗೆ ಊರನ್ನೇ ಫಿಟ್ಟರುಗಳಿಂದ ತುಂಬಿಸಿದ್ದವು. ಅಲ್ಲಿನ ಕ್ವಾರ್ಟರ್ಸಿನಲ್ಲಿ ಪ್ಯಾಕಿಂಗ್ ಕೊಳ್ಳಲು ಅಂಗಡಿಗೆ ಹೋಗುವುದು ಅವಮಾನ. ಶೀಟನ್ನು ಪಂಪಿನ ಬಾಯಿಯ ಮೇಲಿಟ್ಟು, ಗುಂಡುತಲೆಯ ಸುತ್ತಿಗೆಯಿಂದ ಅಂಚಿನುದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋದರೆ ಅಳತೆ ಪಟ್ಟಿ ಇಲ್ಲದೆ ಪ್ಯಾಕಿಂಗ್ ತಾನೇ ಕತ್ತರಿಸಿಕೊಳ್ಳುತ್ತದೆ. ಶೀಟು ದಪ್ಪವಾದರೆ ಲಿವರು ಕ್ಯಾಮಿನಿಂದ ದೂರ ಸರಿದು ಪಂಪಿನ ಎಳೆತ ಕಡಿಮೆಯಾಗುತ್ತದೆ ಎಂಬುದೂ ಅವರಿಗೆ ಗೊತ್ತು.

ಎ.ಸಿ. ಪಂಪಿನ ದೌರ್ಬಲ್ಯ ಬಯಲಾಗುತ್ತಿದ್ದುದು ಘಾಟಿಯಲ್ಲಿ. ಸೋಮೇಶ್ವರದಿಂದ ಆಗುಂಬೆಯ 14 ತಿರುವು ಹತ್ತುವಾಗ ಎಂಜಿನ್ನಿನ ಬಿಸಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ, ಪಂಪು ಬರಿಯ ಆವಿಯನ್ನು ಜಗ್ಗುತ್ತ ಕೂರುತ್ತಿತ್ತು. ಬಾನೆಟ್ ಎತ್ತಿ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಗಾಡಿಯವರು ಎಲೆ ಅಡಿಕೆ ಹಾಕಿಕೊಂಡು ಕಾಯುತ್ತಿದ್ದರು. ಇಂದಿನ ಪಂಪು ಟ್ಯಾಂಕಿನೊಳಗಿದ್ದು ಹಿಂದಿನಿಂದ ಒತ್ತಡದಲ್ಲಿ ದೂಡುವುದರಿಂದ ಆ ಕಾಟ ಹೆಚ್ಚುಕಡಿಮೆ ತಪ್ಪಿದೆ. ಹಳೆಯದರ ಮೇಲೆ ನನಗೆ ಪ್ರೀತಿ ಉಂಟು, ಆದರೆ ಮಳೆಯಲ್ಲಿ ಘಾಟಿ ಹತ್ತಲು ಅದು ಬೇಡ.

ಹೊಸದಕ್ಕೆ ಅದರದೇ ಚಾಳಿ ಇದೆ. ಮೋಟರಿನ ಬ್ರಷ್ಷುಗಳ ನಡುವೆಯೇ ಪೆಟ್ರೋಲು ಹರಿಯುತ್ತದೆ. ಕಿಡಿ ಹಾರಿದರೂ ಬೆಂಕಿ ಹತ್ತದಿರುವುದು ಅಲ್ಲಿ ಗಾಳಿಯಿಲ್ಲದ ಕಾರಣ. ಆ ಪೆಟ್ರೋಲೇ ಮೋಟರನ್ನು ತಂಪಾಗಿಡುವುದು, ಅದೇ ಎಣ್ಣೆಯ ಕೆಲಸವನ್ನೂ ಮಾಡುವುದು. ಸದಾ ರಿಸರ್ವಿನಲ್ಲಿ ಓಡಿಸುವವರ ಪಂಪು ಬೇಗ ಸೋಲುತ್ತದೆ. ಮಲೆನಾಡಿನಲ್ಲಿ ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತ ಕಾರುಗಳ ಕಷ್ಟ ಬೇರೆ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇದೆ, ಅದು ನೀರನ್ನು ಹೀರಿಕೊಳ್ಳುತ್ತದೆ. ಹೀರುವ ಮಿತಿ ದಾಟಿದಾಗ ನೀರು, ಎಥೆನಾಲ್ ಒಟ್ಟಾಗಿ ತಳಕ್ಕೆ ಇಳಿಯುತ್ತವೆ, ಪಂಪಿನ ಜಾಲರಿ ಇರುವುದೂ ತಳದಲ್ಲೇ. ಆಷಾಢದಲ್ಲಿ ಕಾರು ನಿಲ್ಲಿಸುವುದಾದರೆ ಟ್ಯಾಂಕು ತುಂಬಿಸಿ ನಿಲ್ಲಿಸಿ. ಒಳಗೆ ತೇವದ ಗಾಳಿಗೆ ಜಾಗ ಕಡಿಮೆಯಾಗುತ್ತದೆ.

ಬಿಚ್ಚುವುದೇ ಎಂದಾದರೆ ಅಂಗಳದ ಬಯಲಿನಲ್ಲಿ ಬಿಚ್ಚಬೇಕು, ಶೆಡ್ಡಿನೊಳಗಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ತೆವಳುತ್ತದೆ. ನಮ್ಮ ಮನೆಗಳಲ್ಲಿ ಬೆಳಿಗ್ಗೆ ಬಚ್ಚಲೊಲೆ ಉರಿಯುತ್ತಿರುತ್ತದೆ, ಹಂಡೆಯ ನೀರು ಕಾಯುತ್ತಿರುತ್ತದೆ. ಆ ಒಲೆ ಆರಿ ತಣ್ಣಗಾಗುವವರೆಗೆ ಟ್ಯಾಂಕಿನ ಸುದ್ದಿಗೆ ಹೋಗಬೇಡಿ. ಪಕ್ಕದಲ್ಲಿ ಒಣ ಪುಡಿಯ ಬೆಂಕಿ ನಂದಕ ಇರಲಿ, ನೀರಿನ ಬಕೆಟ್ಟು ಪೆಟ್ರೋಲಿನ ಬೆಂಕಿಗೆ ಬೇಡ. ಬಾಯಿಂದ ಪೈಪು ಹೀರಿ ಪೆಟ್ರೋಲು ಇಳಿಸುವ ಶೌರ್ಯವೂ ಬೇಡ.

ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಪೈಪಿನ ಒತ್ತಡ ಇಳಿಯುತ್ತದೆ. ಮೊದಲೇ ಪಂಪು ಸತ್ತಿದ್ದರೂ ಪೈಪು ಕಳಚುವಾಗ ಬಟ್ಟೆ ಹಿಡಿಯಿರಿ, ಉಳಿದದ್ದು ಚಿಮ್ಮಬಹುದು. ಪೈಪಿಗೆ ಕೈ ಹಾಕುವ ಮೊದಲೇ ಬ್ಯಾಟರಿಯ ಮೈನಸ್ ಕಳಚಿ. ಹ್ಯುಂಡೈನ ಹಲವು ಕಾರುಗಳಲ್ಲಿ ಹಿಂದಿನ ಸೀಟು ಎತ್ತಿದರೆ ಒಂದು ತಗಡಿನ ಮುಚ್ಚಳ, ಅದರಡಿಯಲ್ಲೇ ಪಂಪು. ಬೇರೆ ಕೆಲವು ಕಾರುಗಳಲ್ಲಿ ಟ್ಯಾಂಕನ್ನೇ ಇಳಿಸಬೇಕು. ಅಂಥ ಕಾರಿದ್ದರೆ, ಜಾಕ್ ಮೇಲೆ ನಿಂತ ಗಾಡಿಯ ಅಡಿಗೆ ನುಗ್ಗುವ ಬದಲು ಗ್ಯಾರೇಜಿನ ರ‍್ಯಾಂಪಿಗೆ ಕೊಡಿ ಎಂದೇ ನಾನು ಹೇಳುವುದು. ಮುಚ್ಚಳದ ಸುತ್ತ ವರ್ಷಗಟ್ಟಲೆ ಕೂತ ಕೆಂಪು ಧೂಳನ್ನು ಬ್ರಷ್ಷಿನಿಂದ ತೆಗೆಯದೆ ಪಂಪನ್ನು ಹಿಡಿದಿರುವ ರಿಂಗ್ ತಿರುಗಿಸಬಾರದು, ಇಲ್ಲವಾದರೆ ಹೊಸ ಜಾಲರಿಗೆ ಮೊದಲ ಊಟ ಅದೇ. ರಿಂಗನ್ನು ಮರದ ತುಂಡಿನಿಂದ ತಟ್ಟಿ ಸಡಿಲಿಸಿ, ಉಕ್ಕಿನ ಉಳಿ ಬೇಡ. ತೇಲುಗುಂಡಿನ ಕಡ್ಡಿ ಬಾಗದಂತೆ ಪಂಪನ್ನು ಓರೆಯಾಗಿ ಹೊರಗೆ ತೆಗೆಯಬೇಕು. ಅದು ಬಾಗಿದರೆ ಪೆಟ್ರೋಲ್ ಮುಳ್ಳು ಆಮೇಲೆ ಸುಳ್ಳು ಹೇಳುತ್ತದೆ. ಅಂಗಡಿಯವರು ಇಡೀ ಅಸೆಂಬ್ಲಿಯನ್ನೇ ಮುಂದಿಡುತ್ತಾರೆ. ಉಳಿದದ್ದೆಲ್ಲ ಚೆನ್ನಾಗಿದ್ದು, ನಿಮ್ಮ ಮಾದರಿಗೆ ಮೋಟರು ಬಿಡಿಯಾಗಿ ಸಿಗುತ್ತದಾದರೆ ಅದನ್ನೂ ಜಾಲರಿಯನ್ನೂ ಕೊಂಡರೆ ಸಾಕು. ಪೆಟ್ರೋಲಿಗೆ ಉಬ್ಬಿದ ಹಳೆಯ ರಬ್ಬರ್ ರಿಂಗನ್ನು ಮಾತ್ರ ಮತ್ತೆ ಹಾಕುವ ಆಸೆ ಬೇಡ.

ಕೂಡಿಸಿದ ಮೇಲೆ ಕಿತ್ತ ಫ್ಯೂಸ್ ಹಾಕಿ, ಬ್ಯಾಟರಿ ಜೋಡಿಸಿ, ಕೀಯನ್ನು ಕೆಲವು ಸಲ ಆನ್ ಆಫ್ ಮಾಡಿ, ಪೈಪಿನ ಸುತ್ತ ಒದ್ದೆಯಾಗಿದೆಯೇ ಎಂದು ಬೆರಳಾಡಿಸಿ ನೋಡಿ, ಆಮೇಲೆ ಸೆಲ್ಫ್. ಅಂಗಳದಲ್ಲಿ ಐಡಲಿಂಗ್ ಚೆನ್ನಾಗಿದೆ ಎಂದು ಸೀಟು ಕೂರಿಸಬೇಡಿ, ಸೋತ ಪಂಪೂ ಐಡಲಿಂಗಿಗೆ ಸಾಕಾಗುವಷ್ಟು ಕೊಡುತ್ತದೆ. ಶಿವಮೊಗ್ಗದಿಂದ ಭದ್ರಾವತಿ ಕಡೆಗೆ ಬಿ.ಎಚ್. ರಸ್ತೆ ಹಿಡಿದು ಮಾಚೇನಹಳ್ಳಿ ದಾಟುವವರೆಗೆ ಹೋಗಿ, ಖಾಲಿ ರಸ್ತೆ ಸಿಕ್ಕಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಲರೇಟರ್ ಕೊಡಿ. ಮುಗ್ಗರಿಸದೆ ಎಳೆದರೆ ವಾಪಸ್ಸು ಬಂದು ಸೀಟಿನ ಬೋಲ್ಟು ಬಿಗಿ ಮಾಡಿ.