ಎಸೆಯೋಕೂ ಕಾರಣ ಬೇಕು

1952ರ ‘ಮಾಡರ್ನ್ ಕಾಯಿನ್ ಮ್ಯಾಜಿಕ್’ ಬರೆದ ಜೆ.ಬಿ. ಬೋಬೋ ಹೆಸರಲ್ಲೇ ಒಂದು ಸ್ವಿಚ್ ಇದೆ. ಬಲಗೈ ಬೆರಳ ತುದೀಲಿ ಒಂದು ನಾಣ್ಯ ಕಾಣುತ್ತೆ, ಮಡಚಿದ ಬೆರಳೊಳಗೆ ಇನ್ನೊಂದು ಅಡಗಿರುತ್ತೆ. ಎಡಗೈಗೆ ಎಸೆದಾಗ ಹೋಗೋದು ಅಡಗಿದ್ದದ್ದು; ಕಂಡದ್ದನ್ನ ಹೆಬ್ಬೆರಳು ಒಳಗೆಳೆದುಕೊಳ್ಳುತ್ತೆ.

ಕೈಚಳಕ ಅಭ್ಯಾಸದಿಂದ ಬರುತ್ತೆ. ಆದ್ರೆ ಆ ನಾಣ್ಯವನ್ನ ಯಾಕೆ ಎಸೀಬೇಕು? ಬಲಗೈಯಿಂದ ಜೇಬಿನ ಪೆನ್ನು ತೆಗೀಬೇಕಿದ್ರೆ ಸರಿ, ಉಳಿದ ನಾಣ್ಯವೂ ಜೇಬು ಸೇರುತ್ತೆ. ನಮ್ಮ ರೀಲ್ಸ್ ಮಾಂತ್ರಿಕರಲ್ಲಿ ಹೆಚ್ಚಿನವರು ಸುಮ್ಮನೆ ಎಸೀತಾರೆ, ಆಮೇಲೆ ತಪ್ಪಿತಸ್ಥರ ಹಾಗೆ ಬಲಗೈಯನ್ನೇ ನೋಡ್ತಾರೆ! ಖುಷಿಯಿಂದ ಮೋಸಹೋಗೋಕೆ ಕೂತ ಪ್ರೇಕ್ಷಕನಿಗೆ ಮಾಡೋ ಅನ್ಯಾಯ ಇದು. ಮ್ಯಾಜಿಕ್ ಅಂದ್ರೆ ಇಷ್ಟೇನಾ ಅಂತ ಅವನು ಮುಂದಿನ ವಿಡಿಯೋಗೆ ಜಾರ್ತಾನೆ.

ಡೇವಿಡ್ ರಾತ್ ಅವರ ಹಳೇ ವಿಡಿಯೋ ಒಂದನ್ನ ನೋಡಿ. ನಾಣ್ಯ ಬಚ್ಚಿಟ್ಟ ಕೈ, ಖಾಲಿ ಕೈಯಷ್ಟೇ ಸಡಿಲ.