ಕುಮ್ಮಟದ ನೆಲಮನೆ

ಗಂಗಾವತಿ ತಾಲ್ಲೂಕಿನ ಜಬ್ಬಲಗುಡ್ಡದ ಸಮೀಪ, ಬಂಡೆಗಲ್ಲುಗಳ ನಡುವೆ, ಕುಮ್ಮಟದುರ್ಗದ ಕೋಟೆಯ ಅವಶೇಷಗಳಿವೆ. ಕಂಪಿಲರಾಯನೂ ಅವನ ಮಗ ಕುಮಾರರಾಮನೂ ಬಾಳಿದ ನೆಲವಿದು. ತಂದೆ ಮಗನ ನಡುವಣ ವೈಮನಸ್ಯದ ಕಥೆ ಇಷ್ಟು ಹತ್ತಿರದಲ್ಲಿ ಇರುವಾಗ ಕೊಪ್ಪಳ ಸೀಮೆಯವರಾದ ನಾವು ಅದನ್ನು ಬೇರೆಡೆ ಹುಡುಕಬೇಕಾಗಿಲ್ಲ. ಹದಿನಾರನೆಯ ಶತಮಾನದ ನಂಜುಂಡ ಕವಿಯ ‘ರಾಮನಾಥ ಚರಿತೆ’, ಪಾಂಚಾಳ ಗಂಗನ ‘ಚೆನ್ನರಾಮನ ಸಾಂಗತ್ಯ’ ಮುಂತಾದ ಕಾವ್ಯಗಳು ಈತನನ್ನೇ ಹಾಡಿವೆ. 2006ರಲ್ಲಿ ‘ಗಂಡುಗಲಿ ಕುಮಾರರಾಮ’ ಎಂಬ ಚಲನಚಿತ್ರವೂ ಬಂದಿತು. ಎಲ್ಲರ ಕಣ್ಣೂ ಮಗನ ಮೇಲೆ. ನನ್ನ ಮನಸ್ಸು ಮಾತ್ರ ಅವನ ಹೆತ್ತ ತಾಯಿ ಹರಿಹರದೇವಿಯ ಬಳಿ ನಿಂತುಬಿಡುತ್ತದೆ.

ಕಥೆ ಬಲ್ಲವರಿಗೆ ಹೊಸದೇನಲ್ಲ. ಆಟದ ಚೆಂಡು ಕಿರಿಯ ರಾಣಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ಅದನ್ನು ತರಲು ಹೋದ ರಾಮನನ್ನು ಅವಳು ಮೋಹಿಸುತ್ತಾಳೆ. ‘ಪರನಾರೀ ಸಹೋದರ’ನೆಂದೇ ಹೆಸರಾದ ಅವನು ಒಪ್ಪುವುದಿಲ್ಲ. ಅವಳು ದೂರನ್ನು ತಿರುಗಿಸಿ ಹೇಳುತ್ತಾಳೆ. ಕಂಪಿಲ ವಿಚಾರಿಸದೆ ಮಗನ ತಲೆ ತೆಗೆಯಲು ಆಜ್ಞೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ನೆಲಮನೆಯಲ್ಲಿ ಅಡಗಿಸಿ, ಬೇರೊಂದು ತಲೆಯನ್ನು ತಂದು ತೋರಿಸುತ್ತಾನೆ. ದೆಹಲಿಯ ಸೈನ್ಯ ಮೇಲೆರಗಿದಾಗ ಸತ್ತನೆಂದುಕೊಂಡ ಮಗನೇ ಹೊರಬಂದು ಹೋರಾಡಿ ಮಡಿಯುತ್ತಾನೆ.

ಆದಿಕಾಂಡದಲ್ಲಿ ಪೋಟೀಫರನ ಹೆಂಡತಿ ಜೋಸೆಫನ ಮೇಲೆ ಹೊರಿಸಿದ ಆರೋಪವೂ ಇಂಥದ್ದೇ. ಆದರೆ ಜೋಸೆಫನನ್ನು ಸೆರೆಗೆ ತಳ್ಳಿದವನು ಒಡೆಯ. ಇಲ್ಲಿ ತೀರ್ಪು ಕೊಟ್ಟವನು ಹೆತ್ತ ತಂದೆ. ಆದ್ದರಿಂದಲೇ ಜೋಸೆಫನ ಕಥೆಯಲ್ಲಿಲ್ಲದ ಒಂದು ಪ್ರಶ್ನೆ ಇಲ್ಲಿ ಏಳುತ್ತದೆ: ಆ ರಾತ್ರಿ ತಾಯಿ ಎಲ್ಲಿದ್ದಳು?

ಕವಿಗಳು ಪಾತ್ರಗಳಿಗೆ ಗುಣಗಳನ್ನು ಹಂಚಿದ ಬಗೆಯನ್ನು ನೋಡಿ. ಕೋಪ ತಂದೆಗೆ, ಶೀಲ ಮಗನಿಗೆ, ಸುಳ್ಳು ಕಿರಿಯ ರಾಣಿಗೆ, ವಿವೇಕ ಮಂತ್ರಿಗೆ. (ಮುದಿ ದೊರೆಯ ಎಳೆಯ ಹೆಂಡತಿಯಾದ ರತ್ನಾಜಿಗೂ ಇಲ್ಲಿ ನ್ಯಾಯ ಸಿಕ್ಕಿಲ್ಲವೆಂಬುದು ನನ್ನ ಅನಿಸಿಕೆ, ಅದು ಬೇರೆಯೇ ಲೇಖನ.) ಹರಿಹರದೇವಿಯ ಪಾಲಿಗೆ ಬಂದದ್ದು ಕಣ್ಣೀರು. ಮಗನನ್ನು ಉಳಿಸುವ ಉಪಾಯ ಅವಳಿಗೆ ಹೊಳೆಯುವುದಿಲ್ಲ, ಮಂತ್ರಿಗೆ ಹೊಳೆಯುತ್ತದೆ. ಈ ಕೊರತೆ ನಮ್ಮ ಕವಿಗಳದ್ದು ಮಾತ್ರವಲ್ಲ. ಸಮುವೇಲನ ಎರಡನೆಯ ಗ್ರಂಥದಲ್ಲಿ ತಂದೆಯ ವಿರುದ್ಧ ದಂಗೆಯೆದ್ದ ಅಬ್ಷಾಲೋಮ ಸತ್ತಾಗ ದಾವೀದನ ಗೋಳನ್ನು ಕೇಳುತ್ತೇವೆ. ಅವನ ತಾಯಿ ಮಾಕಾ ಹೆಸರಿನಲ್ಲಷ್ಟೇ ಉಳಿದಿದ್ದಾಳೆ.

ಇತಿಹಾಸವೂ ಇದಕ್ಕಿಂತ ಉದಾರಿಯಲ್ಲ. 1327ರಲ್ಲಿ ಮಹಮ್ಮದ್ ಬಿನ್ ತುಘಲಕನ ಸೈನ್ಯ ಕಂಪಿಲನ ರಾಜ್ಯವನ್ನು ನಾಶಮಾಡಿತು. ಅದನ್ನು ಬರೆದಿಟ್ಟ ಇಬ್ನ್ ಬತೂತನಲ್ಲಿ ರತ್ನಾಜಿಯ ಸುದ್ದಿಯೇ ಇಲ್ಲ. ಸೆರೆಯಾಗಿ ದೆಹಲಿಗೆ ಒಯ್ಯಲ್ಪಟ್ಟ ರಾಜಕುಮಾರರಲ್ಲಿ ಕೆಲವರನ್ನು ಅವನು ಸ್ವತಃ ಕಂಡಿದ್ದ. ಅರಮನೆಯ ಹೆಂಗಸರ ಬಗ್ಗೆ ಅವನು ಹೇಳುವುದು ಒಂದೇ ಮಾತು: ಅವರು ಬೆಂಕಿಗೆ ಹಾರಿದರು.

ಇಷ್ಟೆಲ್ಲ ಬರೆಯಲು ಕಾರಣವಿದೆ. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಊರುಗಳಿಂದ ಮಕ್ಕಳು ದುಡಿಯಲು ಗೋವಾಕ್ಕೆ, ಮಂಗಳೂರಿಗೆ ಹೋಗುತ್ತಾರೆ. ಅವರಲ್ಲೊಬ್ಬ ಕುಡಿತ ಕಲಿತು, ಸಾಲ ಹೊತ್ತು ಮರಳಿದಾಗ ತಂದೆ ಹೊಸ್ತಿಲು ತುಳಿಯಬೇಡವೆನ್ನುತ್ತಾನೆ. ಅಂಥ ಮನೆಯ ತಾಯಿಯೊಬ್ಬಳು ಗುರುಮನೆಯ ಕಟ್ಟೆಯ ಮೇಲೆ ಕುಳಿತು ಹೇಳಿದ್ದು ಹೀಗೆ: “ಅವರಪ್ಪ ಮಕ್ಕೊಂಡ ಮ್ಯಾಲ ಹಿತ್ತಲ ಬಾಗಲದಾಗ ಅವಗ ಉಣ್ಣಾಕ ಹಾಕ್ತೀನ್ರಿ ಫಾದರ್. ಮುಂಜಾನೆ ಕೇಳಿದ್ರ ಬಂದೇ ಇಲ್ಲ ಅಂತೀನಿ.” ಆ ಮಾತು ಕೇಳಿದಾಗ ನನಗೆ ನೆನಪಾದದ್ದು ಹರಿಹರದೇವಿಯಲ್ಲ, ಬೈಚಪ್ಪ. ಕಾವ್ಯ ಮಂತ್ರಿಗೆ ಕೊಟ್ಟ ಕೆಲಸವನ್ನು ನಮ್ಮ ಮನೆಗಳಲ್ಲಿ ಮಾಡುತ್ತಿರುವವಳು ತಾಯಿ. ಹಿತ್ತಲೇ ಅವಳ ನೆಲಮನೆ.

ಅವಳು ಆಡಿದ ಸುಳ್ಳನ್ನು ಪಾಪವೆಂದು ತೂಗಲು ನನ್ನ ಮನಸ್ಸು ಒಪ್ಪಲಿಲ್ಲ. ಕೋಪ ತಣಿಯಲು ಸಮಯ ಬೇಕು. ಬೈಚಪ್ಪ ಗಳಿಸಿಕೊಟ್ಟದ್ದೂ ಅದನ್ನೇ. ಆದರೆ ನೆಲಮನೆಯಲ್ಲಿ ತಂದೆ ಮಗನ ಭೇಟಿಯಾಗುವುದಿಲ್ಲ. ಕುಮ್ಮಟದಲ್ಲಿ ಅದಕ್ಕೆ ವೈರಿಯ ಸೈನ್ಯವೇ ಕೋಟೆಯ ಬಾಗಿಲಿಗೆ ಬರಬೇಕಾಯಿತು. ರಾಮನಾದರೋ ನಿರಪರಾಧಿ, ಅಡಗಿದ್ದರಿಂದ ಅವನು ಕೆಡಲಿಲ್ಲ. ಕುಡಿತಕ್ಕೆ ಬಿದ್ದ ಮಗನ ವಿಷಯದಲ್ಲಿ ಹಾಗೆನ್ನಲಾಗದು.

ಕಾವ್ಯವನ್ನು ಮತ್ತೆ ಯೋಚಿಸಿದಾಗ ನನ್ನನ್ನು ಕಾಡಿದ ಸಂಗತಿ ಇನ್ನೊಂದಿದೆ. ರಾಮನದೆಂದು ತೋರಿಸಿದ ಆ ತಲೆ ಯಾರದು? ಅವನಿಗೂ ಒಬ್ಬ ತಾಯಿ ಇದ್ದಿರಬೇಕಲ್ಲ? ಕಥೆ ಅವಳ ಕಡೆಗೆ ತಿರುಗಿಯೂ ನೋಡದೆ ಯುದ್ಧದತ್ತ ಓಡುತ್ತದೆ. ಇಡೀ ಕುಮಾರರಾಮನ ಕಥೆಯಲ್ಲಿ ನನಗೆ ತೀರ ಅಸಮಾಧಾನ ತರುವ ಭಾಗವಿದು. ಮಗನೊಬ್ಬನನ್ನು ಅಡಗಿಸಿ ಉಳಿಸಿದ ಮನೆಯಲ್ಲಿ ಬೆಲೆ ತೆತ್ತವರು ಬೇರೆ ಯಾರೋ ಇರುತ್ತಾರೆ.

ಕಟ್ಟೆಯ ಮೇಲೆ ಕುಳಿತ ಆ ತಾಯಿಯನ್ನು, ಮಗನ ಸಾಲಕ್ಕೆ ಹಣ ಎಲ್ಲಿಂದ ಬಂತಮ್ಮಾ ಎಂದು ಕೇಳಿದೆ. ಬಹಳ ಹೊತ್ತು ಸೆರಗಿನ ಅಂಚನ್ನು ಸುತ್ತುತ್ತಾ ಕುಳಿತಳು. ಸೊಸೆಯ ಕಿವಿಯ ಓಲೆ ಅಡವಿಗೆ ಹೋಗಿತ್ತು. ಸೊಸೆ ಮಗುವನ್ನು ಕರೆದುಕೊಂಡು ತವರಿಗೆ ಹೋಗಿ ಎರಡು ತಿಂಗಳಾಗಿತ್ತು. ಅವಳನ್ನು ಯಾರಾದರೂ ಮಾತನಾಡಿಸಿದರೇ ಎಂದೆ. ಇಲ್ಲವೆಂದು ತಲೆಯಾಡಿಸಿದಳು. ಮರುದಿನ ನಾವಿಬ್ಬರೂ ಮೊದಲು ಹೋದದ್ದು ಸೊಸೆಯ ಊರಿಗೆ.