ಓಪನಿಂಗ್ ಬಾಯಿಪಾಠ: ಹೊಸಬರಿಗೆ ಎಷ್ಟು ಬೇಕು?

ಕಾಯಿಗಳ ನಡೆ ಗೊತ್ತಾದ ಕೂಡಲೇ ಚೆಸ್ ಕಲಿಯುವವರು ಕೈಹಾಕುವುದು ಓಪನಿಂಗ್‌ಗೆ. ಹೆಸರಾಂತ ಕ್ರಮವೊಂದರ ಮೊದಲ ಹತ್ತು ಹನ್ನೆರಡು ನಡೆಗಳನ್ನು ಒಂದು ವೇರಿಯೇಷನ್ ಸಮೇತ ಉರುಹೊಡೆಯುವ ಅಭ್ಯಾಸವಿದು. ತರಬೇತಿಗೆಂದು ಮೈಸೂರಿಗೆ ದಿನವೂ ಹೋಗಿಬರಲಾಗದ ಹೆಗ್ಗಡದೇವನಕೋಟೆಯ ಹುಡುಗನಿಗೆ ಫೋನಿನ ವಿಡಿಯೊವೇ ಗುರು. ಅಲ್ಲಿ ಕಣ್ಣಿಗೆ ಬೀಳುವುದು ಬೇಗ ಗೆಲ್ಲಿಸುವ ಟ್ರ್ಯಾಪ್‌ಗಳು.

ಹಳೆಯ ದೇಸಿ ಆಟದಲ್ಲಿ ಈ ಅವಸರಕ್ಕೆ ಜಾಗವಿರಲಿಲ್ಲ. ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ದಾಟುತ್ತಿತ್ತು. ಕ್ಯಾಸ್ಲಿಂಗ್ ಬದಲು ರಾಜ ಒಮ್ಮೆ ಕುದುರೆಯಂತೆ ನೆಗೆಯಬಹುದಿತ್ತು. ಆ ನಿಧಾನದಲ್ಲೂ ವಿದ್ಯೆಯಿತ್ತು. 1850ರ ದಶಕದ ಕಲ್ಕತ್ತದಲ್ಲಿ ಜಾನ್ ಕಾಕ್ರೇನ್ ಎದುರು ಮಹೇಶಚಂದ್ರ ಬ್ಯಾನರ್ಜಿ ಆಡಿದ ಆರಂಭಗಳಿಂದಲೇ ‘ಇಂಡಿಯನ್ ಡಿಫೆನ್ಸ್’ ಎಂಬ ಹೆಸರು ಬಂತು.

ಹೊಸಬರು ಹೆಚ್ಚಾಗಿ ಮೆಚ್ಚುವ ಇಟಾಲಿಯನ್ ಆಟವನ್ನೇ ನೋಡಬಹುದು. ಬಿಳಿಯ ಕಾಲಾಳು ಇ4ಕ್ಕೆ, ಕಪ್ಪಿನದು ಇ5ಕ್ಕೆ. ಬಿಳಿಯ ಕುದುರೆ ಎಫ್3ಕ್ಕೆ, ಕಪ್ಪಿನದು ಸಿ6ಕ್ಕೆ. ಬಿಳಿಯ ಒಂಟೆ ಸಿ4ಕ್ಕೆ. ಕಪ್ಪು ಎರಡನೇ ಕುದುರೆಯನ್ನು ಎಫ್6ಕ್ಕೆ ತಂದರೆ ಬಿಳಿಯ ಕುದುರೆ ಜಿ5ಕ್ಕೆ ನುಗ್ಗುತ್ತದೆ. ರಾಜನೊಬ್ಬನೇ ಕಾಯುವ ಎಫ್7 ಮನೆಯ ಮೇಲೆ ಈಗ ಒಂಟೆ, ಕುದುರೆ ಎರಡರದೂ ಕಣ್ಣು. ಕಪ್ಪು ಡಿ5ಕ್ಕೆ ಕಾಲಾಳು ನೂಕಿ, ಬಿಳಿ ಅದನ್ನು ಹೊಡೆದಾಗ ಕುದುರೆಯಿಂದ ಮರುಹೊಡೆದರೆ, ಬಿಳಿ ಎಫ್7ರಲ್ಲಿ ಕುದುರೆಯನ್ನು ಬಲಿಕೊಟ್ಟು ರಾಜನನ್ನು ಬಯಲಿಗೆಳೆಯುತ್ತದೆ. ನೋಡಲು ಸೊಗಸಾದ ದಾಳಿ, ಹೊಸಬರಿಗೆ ಹುಚ್ಚು ಹಿಡಿಸುವಂಥದ್ದೇ.

ತೊಡಕಿರುವುದು ಮುಂದೆ. ಎದುರಾಳಿ ಎಫ್6ಕ್ಕೆ ಕುದುರೆ ತರದೆ ಒಂಟೆಯನ್ನು ಸಿ5ರಲ್ಲಿಟ್ಟ ಎನ್ನಿ. ಬಾಯಿಪಾಠದವನು ಆಗಲೂ ಜಿ5ಕ್ಕೆ ಕುದುರೆ ಹಾರಿಸುತ್ತಾನೆ. ಎಫ್6 ಖಾಲಿ ಇರುವುದರಿಂದ ಡಿ8ರ ಮಂತ್ರಿಗೆ ಜಿ5ರವರೆಗೆ ದಾರಿ ತೆರೆದಿದೆ. ಕುದುರೆ ಪುಕ್ಕಟೆ ಹೋಯಿತು. ನೆನಪು ಸರಿಯಾಗಿಯೇ ಇತ್ತು, ಆ ನಡೆ ಯಾಕೆ ನಡೆಯುತ್ತಿತ್ತು ಎಂಬುದಷ್ಟೇ ಗೊತ್ತಿರಲಿಲ್ಲ. ಮೂಲ ಸಾಲಿನಲ್ಲೂ ಕಪ್ಪು ಮರುಹೊಡೆಯದೆ ಸಿ6ರ ಕುದುರೆಯನ್ನು ಎ5ಕ್ಕೆ ಒಯ್ದು ಒಂಟೆಯನ್ನು ಕೆಣಕಿದರೆ ಟ್ರ್ಯಾಪ್ ಅಲ್ಲಿಗೇ ಮುಗಿಯಿತು.

2017ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದ ಮೈಸೂರಿನ ಎಂ.ಎಸ್. ತೇಜಕುಮಾರ್ ಅವರಂಥವರಿಗೆ ಉದ್ದದ ಸಾಲುಗಳು ಬೇಕೇ ಬೇಕು, ಎದುರಿಗಿರುವವರೂ ಅವನ್ನು ಓದಿ ಬಂದಿರುತ್ತಾರೆ. ಕಲಿಕೆಯ ಮೊದಲ ವರ್ಷದವರ ಆಟ ನಾಲ್ಕನೇ ನಡೆಗೇ ಪುಸ್ತಕ ಬಿಟ್ಟು ಹೊರಗೆ ಬರುತ್ತದೆ. ಅಂಥವರಿಗೆ ಮೈಸೂರು ಸೀಮೆಯಲ್ಲೇ ಒಂದು ಒಳ್ಳೆಯ ಮಾದರಿಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು 64 ಮನೆಗಳಲ್ಲಿ ಒಂದನ್ನೂ ಎರಡು ಸಲ ತುಳಿಯದೆ ಕುದುರೆ ಸುತ್ತಿಬರುವ ಬಂಧಗಳನ್ನು ರಚಿಸಿದ್ದರು. ಅದನ್ನು ಬೋರ್ಡಿನ ಮೇಲೆ ಬಿಡಿಸಲು ಕೂತ ಮಗುವಿಗೆ ಕುದುರೆ ಎಲ್ಲಿಂದ ಯಾವ ಮನೆ ಮುಟ್ಟುತ್ತದೆಂದು ತಾನಾಗಿ ತಿಳಿಯುತ್ತದೆ. ಯಾವ ವೇರಿಯೇಷನ್ನೂ ಕೊಡದ ಕಣ್ಣು ಅದು.

ಓಪನಿಂಗ್ ಕಲಿಕೆಯೇ ದಂಡ ಎನ್ನುವುದೂ ಸಲ್ಲದು. ನಡುಮನೆ ಹಿಡಿಯುವುದು, ಕಾಯಿಗಳನ್ನು ಹೊರತರುವುದು, ರಾಜನನ್ನು ಬೇಗ ಭದ್ರಪಡಿಸುವುದು, ಮೂರನ್ನೂ ಇಟಾಲಿಯನ್‌ನ ಮೊದಲ ನಡೆಗಳು ಕಲಿಸುತ್ತವೆ. ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಚೆಸ್ ಹೇಳಿಕೊಡುವ ಶಿಕ್ಷಕರು ಮೊದಲ ವರ್ಷ ಇದೊಂದನ್ನೇ, ಐದು ನಡೆಯವರೆಗೆ, ಪ್ರತಿ ನಡೆಗೂ ಮಕ್ಕಳಿಂದ ಕಾರಣ ಹೇಳಿಸುತ್ತ ಕಲಿಸಲಿ. ಉಳಿದ ಹೊತ್ತನ್ನು ರಾಜ-ಕಾಲಾಳುಗಳ ಕೊನೆಯಾಟಕ್ಕೆ ಕೊಡಲಿ.